ಹನ್ನೆರಡು ಗೆದ್ದರೂ ನೇವಿಗೆ ಸೋತ ವರ್ಷ

ಆರು ಆಟ ಗೆದ್ದು ಆರು ಸೋತ ವರ್ಷ ದೊಡ್ಡದೋ, ಹನ್ನೆರಡು ಗೆದ್ದು ಎರಡೇ ಸೋತ ವರ್ಷ ದೊಡ್ಡದೋ? ನಮ್ಮ ತರಗತಿಯ ಮಕ್ಕಳಲ್ಲಿ ಕೇಳಿದರೆ, "ಇದೇನು ಉಸ್ತಾದ್, ಇಷ್ಟು ಲೆಕ್ಕ ಗೊತ್ತಿಲ್ವಾ?" ಎಂದು ನಗುತ್ತಾರೆ. ಆದರೆ ಅಮೆರಿಕದಲ್ಲಿ, ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ದಂಡೆಯಲ್ಲಿರುವ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ಫುಟ್ಬಾಲ್ ಅಭಿಮಾನಿಗಳಿಗೆ ಇದು ನಗುವ ಪ್ರಶ್ನೆಯಲ್ಲ. 2023ರಲ್ಲಿ ಅವರ 'ಆರ್ಮಿ' ತಂಡ ಆರು ಗೆದ್ದು ಆರು ಸೋತಿತ್ತು. 2024ರಲ್ಲಿ ಹನ್ನೆರಡು ಗೆದ್ದು ಎರಡು ಸೋತಿತು. ಮೊದಲ ವರ್ಷ ನೌಕಾಪಡೆಯ ಅಕಾಡೆಮಿಯ 'ನೇವಿ' ತಂಡವನ್ನು ಸೋಲಿಸಿತ್ತು. ಎರಡನೇ ವರ್ಷ ಆ ಸೋತ ಎರಡರಲ್ಲಿ ಒಂದು ಇದೇ ನೇವಿಯ ಎದುರು. ಅಲ್ಲಿಗೆ ಲೆಕ್ಕವೆಲ್ಲ ಅಡಿಮೇಲು!

ಮೊದಲು ಆಟದ ಬಗ್ಗೆ ಒಂದೆರಡು ಮಾತು. ಇದು ನಾವು ನೆಹರೂ ಮೈದಾನದಲ್ಲಿ ಕಂಡ, ಕಾಲಲ್ಲಿ ಒದೆಯುವ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ತಂಡಕ್ಕೆ ಹನ್ನೊಂದು ಜನ. ನಾಲ್ಕು ಅವಕಾಶಗಳಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ನೋಡ್ತಾ ನೋಡ್ತಾ ಬರ್ತದೆ.

ಅಲ್ಲಿನ ದೊಡ್ಡ ಕಾಲೇಜುಗಳ ತಂಡಗಳಲ್ಲಿ ಬೆಟ್ಟದಂತಹ ಹುಡುಗರಿರುತ್ತಾರೆ. ವೆಸ್ಟ್ ಪಾಯಿಂಟ್‌ನಲ್ಲಿ ಅದು ಆಗುವ ಮಾತಲ್ಲ. ಅಲ್ಲಿ ಆಡುವವರೆಲ್ಲ ಕೆಡೆಟ್‌ಗಳು. ತೂಕಕ್ಕೂ ಓಟಕ್ಕೂ ಸೈನ್ಯದ ಅಳತೆ ಇದೆ. ಆದ್ದರಿಂದ ಆರ್ಮಿ ತಂಡ ಬಹಳ ವರ್ಷ ನೆಚ್ಚಿಕೊಂಡು ಬಂದದ್ದು 'ಟ್ರಿಪಲ್ ಆಪ್ಷನ್' ಎಂಬ ಹಳೆಯ ವಿಧಾನವನ್ನು. ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್ ಅದನ್ನು ಮಧ್ಯದ ಓಟಗಾರನಿಗೆ ಕೊಡಬಹುದು, ತಾನೇ ಓಡಬಹುದು, ಇಲ್ಲವೇ ಬದಿಯವನಿಗೆ ಎಸೆಯಬಹುದು. ಎದುರಾಳಿಯ ಕಾಲು ಎತ್ತ ತಿರುಗಿತು ಎಂದು ನೋಡಿ ಆ ಕ್ಷಣದಲ್ಲೇ ತೀರ್ಮಾನ. ಮೂರು ಯಾರ್ಡ್, ನಾಲ್ಕು ಯಾರ್ಡ್, ಮತ್ತೆ ಮೂರು. ನೋಡಲಿಕ್ಕೆ ಬೇಸರ ಅನ್ನುವವರಿದ್ದಾರೆ. ಆದರೆ ಚೆಂಡು ನಮ್ಮ ಕೈಯಲ್ಲೇ ಇದ್ದರೆ ಎದುರಾಳಿಯ ಶೂರರು ಬೆಂಚಿನ ಮೇಲೆ ಕೂತಿರಬೇಕಲ್ಲ! 2018ರಲ್ಲಿ ಬಲಾಢ್ಯ ಒಕ್ಲಹೋಮ ತಂಡದ ಎದುರು 60 ನಿಮಿಷದ ಆಟದಲ್ಲಿ 44 ನಿಮಿಷಕ್ಕೂ ಹೆಚ್ಚು ಹೊತ್ತು ಚೆಂಡು ಆರ್ಮಿಯ ಬಳಿಯೇ ಇತ್ತು. ಕೊನೆಗೆ ಹೆಚ್ಚುವರಿ ಅವಧಿಯಲ್ಲಿ 28-21ಕ್ಕೆ ಸೋತರೂ ಅಭಿಮಾನಿಗಳು ಆ ಸೋಲನ್ನು ಈಗಲೂ ಹೆಮ್ಮೆಯಿಂದ ಎತ್ತಿ ಹೇಳುತ್ತಾರೆ.

2023ರಲ್ಲಿ ಈ ಹಳೆಯ ವಿಧಾನವನ್ನು ಬದಿಗಿಟ್ಟು ಕಾಲಕ್ಕೆ ತಕ್ಕ ಹೊಸತೊಂದನ್ನು ಪ್ರಯೋಗಿಸಿದರು. ಸೊಂಟದ ಕೆಳಗೆ ಬಿದ್ದು ತಡೆಯುವುದರ ಮೇಲೆ ನಿಯಮಗಳು ಬಿಗಿಯಾದದ್ದು ಅದಕ್ಕೆ ಒಂದು ಕಾರಣ. ಪ್ರಯೋಗ ಅಷ್ಟೇನೂ ಫಲಿಸಲಿಲ್ಲ. ಆದರೂ ಆ ವರ್ಷ ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಏರ್ ಫೋರ್ಸ್ ತಂಡವನ್ನು 23-3ರಿಂದ ಮಣಿಸಿದರು. ಡಿಸೆಂಬರಿನಲ್ಲಿ ನೇವಿ ಕೊನೆಯ ಕ್ಷಣಗಳಲ್ಲಿ ಗೋಲು ಗೆರೆಯ ಬಾಗಿಲಿಗೇ ಬಂದು ನಿಂತಾಗ ಅಲ್ಲೇ ತಡೆದು 17-11ರಿಂದ ಗೆದ್ದರು. ಮೂರು ಅಕಾಡೆಮಿಗಳ ನಡುವಿನ 'ಕಮಾಂಡರ್ ಇನ್ ಚೀಫ್' ಟ್ರೋಫಿ ಅವರದಾಯಿತು. ಬರೀ ಆರು ಗೆಲುವಿನ ವರ್ಷ, ಆದರೆ ಬೇಕಾದ ಎರಡು ಗೆಲುವು ಕೈಯಲ್ಲಿತ್ತು.

2024ಕ್ಕೆ ತರಬೇತುದಾರ ಜೆಫ್ ಮಾಂಕೆನ್ ಹಳೆಯ ದಾರಿಗೆ ಮರಳಿದರು. ಅದೇ ವರ್ಷ ತಂಡ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟವನ್ನೂ ಸೇರಿತು. ಆಮೇಲೆ ನಡೆದದ್ದನ್ನು ಅಭಿಮಾನಿಗಳೇ ನಂಬಲಿಲ್ಲ. ಸಾಲಾಗಿ ಒಂಬತ್ತು ಗೆಲುವು. ಟೆಕ್ಸಾಸಿನ ಹುಡುಗ, ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೈಲಿ ಗೂಳಿಯಂತೆ ನುಗ್ಗಿ ಸೀಸನ್ನಿನಲ್ಲಿ 32 ಟಚ್‌ಡೌನ್ ಓಡಿದ. ನವೆಂಬರ್ 23ರಂದು ಯಾಂಕಿ ಸ್ಟೇಡಿಯಂನಲ್ಲಿ ನಾಟ್ರಡೇಮ್ ತಂಡ 49-14ರಿಂದ ಬಡಿದದ್ದು ನಿಜ. ಆ ತಂಡ ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು, ಹಾಗಾಗಿ ಆ ಸೋಲನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಡಿಸೆಂಬರ್ 6ರಂದು ತಮ್ಮದೇ ಮಿಕಿ ಸ್ಟೇಡಿಯಂನಲ್ಲಿ ಟುಲೇನ್ ತಂಡವನ್ನು 35-14ರಿಂದ ಸೋಲಿಸಿ ಕಾನ್ಫರೆನ್ಸ್ ಕಿರೀಟ ಗೆದ್ದರು. 1890ರಿಂದ ಆಡುತ್ತಾ ಬಂದ ತಂಡಕ್ಕೆ ಅಂಥ ಕಿರೀಟ ಅದೇ ಮೊದಲು.

ಎಂಟೇ ದಿನ ಕಳೆದಿತ್ತು. ಡಿಸೆಂಬರ್ 14, ಎದುರಿಗೆ ನೇವಿ. ಫಲಿತಾಂಶ 31-13, ಗೆದ್ದದ್ದು ನೇವಿ.

ಈ ಆಟದ ಕೊನೆಗೆ ಒಂದು ಪದ್ಧತಿ ಇದೆ. ಎರಡೂ ತಂಡದವರು ಒಟ್ಟಿಗೆ ಹೋಗಿ ಮೊದಲು ಸೋತವರ ಕೆಡೆಟ್‌ಗಳ ಮುಂದೆ ನಿಂತು ಅವರ ಅಕಾಡೆಮಿಯ ಗೀತೆ ಹಾಡಬೇಕು. ಆಮೇಲೆ ಗೆದ್ದವರ ಕಡೆ ಹೋಗಿ ಅವರದ್ದು. 'ಎರಡನೆಯದಾಗಿ ಹಾಡುವುದು' ಎಂದರೆ ಅಲ್ಲಿ ಗೆಲ್ಲುವುದು ಎಂದೇ ಅರ್ಥ. ವಾರದ ಹಿಂದೆ ಕಿರೀಟ ಎತ್ತಿದ ಹುಡುಗರು ಆ ದಿನ ಮೊದಲು ಹಾಡಿದರು.

ಹೊರಗಿನ ನಮಗೆ ಇದು ಸ್ವಲ್ಪ ಅತಿಯಾಯಿತು ಅನ್ನಿಸಬಹುದು. ಒಂದು ಆಟಕ್ಕೆ ಇಷ್ಟೊಂದಾ? ಆದರೆ 2002ರಿಂದ 2015ರವರೆಗೆ ಸತತ 14 ವರ್ಷ ನೇವಿಗೆ ಸೋತ ತಂಡದ ಅಭಿಮಾನಿಗಳು ಅವರು. 2003ರಲ್ಲಂತೂ ಆಡಿದ 13ರಲ್ಲಿ 13ನ್ನೂ ಸೋತಿದ್ದರು. ಆ 14 ವರ್ಷ ಯಾವ ವರ್ಷಗಳು ಎಂಬುದನ್ನೂ ನೋಡಬೇಕು. ಅಲ್ಲಿ ಆಡಿದ ಹುಡುಗರು ಪದವಿ ಮುಗಿಸಿ ನೇರ ಇರಾಕಿಗೂ ಅಫ್ಘಾನಿಸ್ತಾನಕ್ಕೂ ಹೋದರು. ಹಿಂದಿರುಗದವರೂ ಇದ್ದಾರೆ. ಆ ಯುದ್ಧಗಳ ಬಗ್ಗೆ ನಮ್ಮ ಅಭಿಪ್ರಾಯ ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ, ಅಲ್ಲಿ ಸತ್ತ ಊರಿನವರ ಲೆಕ್ಕ ಇನ್ನೂ ದೊಡ್ಡದು. ಅದನ್ನು ಮರೆತು ಬರೆಯುತ್ತಿಲ್ಲ. ಆದರೆ ಸ್ಟ್ಯಾಂಡಿನಲ್ಲಿ ಕೂತ ತಂದೆತಾಯಿಗೆ ಮೈದಾನದ ಮಗ ನಾಳೆ ಎಲ್ಲಿರುತ್ತಾನೆ ಎಂಬ ಯೋಚನೆ ಇತ್ತು ಎಂಬುದೂ ಸುಳ್ಳಲ್ಲ.

ಆ ಸೀಸನ್ನಿನ ಇನ್ನೊಂದು ಜಗಳ ನಮಗೆ ಹೆಚ್ಚು ಮುಖ್ಯವಾಗಿ ಕಂಡಿತು. ತಂಡದಲ್ಲಿ ಕಾನ್ಯೆ ಉಡೊ ಎಂಬ ಎರಡನೇ ವರ್ಷದ ಓಟಗಾರನಿದ್ದ. ಆ ವರ್ಷ 1,100ಕ್ಕೂ ಹೆಚ್ಚು ಯಾರ್ಡ್ ಓಡಿದವ. ಸೀಸನ್ ಮುಗಿಯುವ ಹೊತ್ತಿಗೆ ವೆಸ್ಟ್ ಪಾಯಿಂಟ್ ಬಿಟ್ಟು ಅರಿಜೋನ ಸ್ಟೇಟ್ ಸೇರಿದ. ಈಗ ಅಲ್ಲಿ ಆಟಗಾರರು ಸುಲಭವಾಗಿ ಕಾಲೇಜು ಬದಲಿಸಬಹುದು, 2021ರಿಂದ ತಮ್ಮ ಹೆಸರು, ಮುಖದಿಂದ ದುಡ್ಡನ್ನೂ ಮಾಡಬಹುದು. ಅಕಾಡೆಮಿಯ ಹುಡುಗರಿಗೆ ಆ ದುಡ್ಡಿನ ದಾರಿ ಇಲ್ಲ. ಓದು ಉಚಿತ, ತಿಂಗಳಿಗೊಂದು ಸಣ್ಣ ಮೊತ್ತ, ಬದಲಿಗೆ ಪದವಿಯ ನಂತರ ಕನಿಷ್ಠ 5 ವರ್ಷ ಸೈನ್ಯದಲ್ಲಿ ದುಡಿಯಬೇಕು.

ಈ ಕರಾರು ಗಟ್ಟಿಯಾಗುವುದು ಮೂರನೇ ವರ್ಷದ ತರಗತಿ ಶುರುವಾಗುವಾಗ. ಅದಕ್ಕೆ ಮೊದಲು ಯಾವ ಕೆಡೆಟ್ ಬೇಕಾದರೂ ಋಣವಿಲ್ಲದೆ ಹೊರಡಬಹುದು. ಇಂಥ ಹುಡುಗರು ಹೊರಟಾಗ ಅಭಿಮಾನಿಗಳಲ್ಲಿ ಕೆಲವರು 'ಕೈಕೊಟ್ಟ' ಅನ್ನುತ್ತಾರೆ. ಇನ್ನು ಕೆಲವರು 'ನಿಯಮದೊಳಗೇ ಹೋದ, ಒಳ್ಳೆಯದಾಗಲಿ' ಅನ್ನುತ್ತಾರೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಅನುಭವದಿಂದ ನಾವು ಎರಡನೆಯವರ ಜೊತೆ. ಅರ್ಧದಲ್ಲಿ ಬಿಟ್ಟು ಹೋದ ಶಿಷ್ಯನ ಮೇಲೆ ನಮಗೂ ಸಿಟ್ಟು ಬಂದದ್ದುಂಟು. ಆದರೆ ಮಾತು ಕೊಡುವ ಮೊದಲು ಹೋದವನನ್ನು ಮಾತು ಮುರಿದವ ಅನ್ನುವುದು ಸರಿಯಲ್ಲ. ಯೋಚಿಸಲಿಕ್ಕೆಂದೇ ಎರಡು ವರ್ಷ ಕೊಟ್ಟದ್ದು ಅಕಾಡೆಮಿ ತಾನೇ? ನಿಜವಾಗಿ ಅಭಿಮಾನಿಗಳನ್ನು ಕಾಡುವುದು ಆ ಹುಡುಗ ಅಲ್ಲ. ಹೀಗೆ ಒಬ್ಬೊಬ್ಬರೇ ಹೋದರೆ ಮೂರು ಯಾರ್ಡ್, ನಾಲ್ಕು ಯಾರ್ಡಿನ ಈ ತಂಡ ಎಷ್ಟು ವರ್ಷ ನಿಲ್ಲುತ್ತದೆ ಎಂಬ ಭಯ.

ಅದೇ ತಿಂಗಳು ಲೂಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ ಇಂಡಿಪೆಂಡೆನ್ಸ್ ಬೌಲ್ ಇತ್ತು. ಆರ್ಮಿಗೆ ಎದುರಾಳಿ ಮಾರ್ಷಲ್ ತಂಡ ಎಂದು ನಿಗದಿಯಾಗಿತ್ತು. ತಮ್ಮ ಒಕ್ಕೂಟದ ಕಿರೀಟ ಗೆದ್ದು ಬಂದವರು ಅವರೂ. ಆದರೆ ಅವರ ತರಬೇತುದಾರ ಬೇರೆ ಕಾಲೇಜಿಗೆ ಹೋದರು, ಹಿಂದೆಯೇ ಆಟಗಾರರು ಗುಂಪುಗುಂಪಾಗಿ ಹೊರಟರು. ಕೊನೆಗೆ ಇಳಿಸಲಿಕ್ಕೆ ಜನ ಇಲ್ಲದೆ ಮಾರ್ಷಲ್ ಹಿಂದೆ ಸರಿಯಿತು! ಬದಲಿಗೆ ಲೂಸಿಯಾನ ಟೆಕ್ ಬಂತು. ಡಿಸೆಂಬರ್ 28ರಂದು ಆರ್ಮಿ 27-6ರಿಂದ ಗೆದ್ದಿತು. ಹನ್ನೆರಡನೇ ಗೆಲುವು, ತಂಡದ ಇತಿಹಾಸದಲ್ಲೇ ಒಂದು ಸೀಸನ್ನಿಗೆ ಅತಿ ಹೆಚ್ಚು.

ಆ ವರ್ಷದ ಕಮಾಂಡರ್ ಇನ್ ಚೀಫ್ ಟ್ರೋಫಿ ಮಾತ್ರ ನೇವಿಯ ಊರು ಅನಾಪೊಲಿಸ್‌ಗೆ ಹೋಯಿತು.