ವೇಗದ ಚಾರ್ಜಿಂಗ್ ಕೇಂದ್ರ: ಜಾಗ ನೀಡುವ ಮುನ್ನ ಗ್ರಾಮ ಪಂಚಾಯಿತಿ ಪರಿಶೀಲಿಸಬೇಕಾದ ಸಂಗತಿಗಳು

ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ. ಅದು 2017ರಲ್ಲಿ. ಅಂದಿನಿಂದ ಸ್ಥಾಪನೆಯಾದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಹೆಚ್ಚಿನವು ಬೆಂಗಳೂರು ನಗರ ಜಿಲ್ಲೆಯಲ್ಲಿಯೇ ಇವೆ. ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿಯಾದರೋ ಹೆದ್ದಾರಿಗಳ ಎರಡೂ ಬದಿಗಳಲ್ಲಿ ಪ್ರತಿ 25 ಕಿಲೋಮೀಟರ್‌ಗೆ ಒಂದು ಕೇಂದ್ರವಿರಬೇಕೆಂದು ಹೇಳಿತ್ತು. ಈ ಅಂತರವನ್ನು ತುಂಬಬೇಕಾದರೆ ಹೆದ್ದಾರಿಯ ಅಂಚಿನ ಗ್ರಾಮಗಳ ಜಾಗವೇ ಬೇಕು. ಆದುದರಿಂದ ಜಾಗ ಕೋರುವ ಅರ್ಜಿಗಳು ಗ್ರಾಮ ಪಂಚಾಯಿತಿಯ ಸಭೆಯ ಮುಂದೆ ಬರುವುದು ಸಹಜ.

ಇಂತಹ ಅರ್ಜಿ ಬಂದಾಗ ಸದಸ್ಯರ ಗಮನ ಸಾಮಾನ್ಯವಾಗಿ ಯಂತ್ರದ ಬೆಲೆ ಮತ್ತು ಜಾಗದ ಅಳತೆಯ ಕಡೆಗೆ ಹೋಗುತ್ತದೆ. ಮೊದಲು ಕೇಳಬೇಕಾದುದು ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದನ್ನು.

ವಾಹನದ ಬ್ಯಾಟರಿಯು ನೇರ ವಿದ್ಯುತ್ತನ್ನು ಮಾತ್ರ ಸ್ವೀಕರಿಸುತ್ತದೆ; ಕಂಬದ ತಂತಿಯಲ್ಲಿ ಬರುವುದು ಪರ್ಯಾಯ ವಿದ್ಯುತ್. ಮನೆಯ ಪ್ಲಗ್‌ನಿಂದ ಚಾರ್ಜ್ ಮಾಡುವಾಗ ಈ ಪರಿವರ್ತನೆಯ ಕೆಲಸವನ್ನು ವಾಹನದೊಳಗಿನ ಅಥವಾ ಅದರೊಡನೆ ಬರುವ ಚಿಕ್ಕ ಉಪಕರಣ ಮಾಡುತ್ತದೆ, ಹೀಗಾಗಿ ನಿಧಾನ. ವೇಗದ ಕೇಂದ್ರದಲ್ಲಿ ಅದೇ ಕೆಲಸವನ್ನು ಹೊರಗಿನ ದೊಡ್ಡ ಯಂತ್ರ ಮಾಡಿ, ನೇರವಾಗಿ ಬ್ಯಾಟರಿಗೆ ಕಳುಹಿಸುತ್ತದೆ. 30 ಯೂನಿಟ್ ಸಾಮರ್ಥ್ಯದ ಕಾರಿನ ಬ್ಯಾಟರಿಯನ್ನು ಶೇ. 20ರಿಂದ ಶೇ. 80ಕ್ಕೆ ಏರಿಸಲು 18 ಯೂನಿಟ್ ಬೇಕು. 3.3 ಕಿಲೋವ್ಯಾಟ್‌ನ ಮನೆಯ ಸಂಪರ್ಕದಲ್ಲಿ ಇದಕ್ಕೆ ಐದೂವರೆ ಗಂಟೆ ಹಿಡಿದರೆ, 60 ಕಿಲೋವ್ಯಾಟ್‌ನ ಯಂತ್ರದಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಶೇ. 80ರ ನಂತರ ಬ್ಯಾಟರಿಯ ರಕ್ಷಣೆಗಾಗಿ ವೇಗ ತಾನಾಗಿಯೇ ಇಳಿಯುತ್ತದೆ.

60 ಕಿಲೋವ್ಯಾಟ್ ಎಂದರೆ ಐದು ಅಶ್ವಶಕ್ತಿಯ 16 ಪಂಪ್‌ಸೆಟ್‌ಗಳು ಏಕಕಾಲಕ್ಕೆ ಓಡಿದಷ್ಟು ಹೊರೆ. ಗ್ರಾಮಗಳಲ್ಲಿರುವ ವಿದ್ಯುತ್ ಪರಿವರ್ತಕಗಳು, ಅಂದರೆ ಜನರು ಟಿ.ಸಿ. ಎಂದು ಕರೆಯುವ ಪೆಟ್ಟಿಗೆಗಳು, ಬಹುಮಟ್ಟಿಗೆ 25, 63 ಅಥವಾ 100 ಕೆ.ವಿ.ಎ. ಸಾಮರ್ಥ್ಯದವು. 63 ಕೆ.ವಿ.ಎ. ಪರಿವರ್ತಕಕ್ಕೆ ಇಂತಹ ಒಂದು ಯಂತ್ರವನ್ನು ಜೋಡಿಸಿದರೆ ಓಣಿಯ ಮನೆಗಳಿಗೂ ಕುಡಿಯುವ ನೀರಿನ ಮೋಟಾರಿಗೂ ಏನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಪರಿವರ್ತಕ ಸುಟ್ಟರೆ ಜನರು ದೂರು ತರುವುದು ಪಂಚಾಯಿತಿಯ ಬಾಗಿಲಿಗೇ. ಆದುದರಿಂದ ಕೇಂದ್ರಕ್ಕೆ ಪ್ರತ್ಯೇಕ ಪರಿವರ್ತಕವಿರಬೇಕು, ಅದರ ವೆಚ್ಚವನ್ನು ಯಾರು ಭರಿಸುವರು ಎಂಬುದು ಠರಾವಿಗೆ ಮೊದಲೇ ಲಿಖಿತವಾಗಿ ತಿಳಿದಿರಬೇಕು.

ಎರಡನೆಯ ಪ್ರಶ್ನೆ ಫೀಡರ್‌ನದು. ನೀರಾವರಿ ಪಂಪ್‌ಸೆಟ್‌ಗಳ ಫೀಡರ್‌ನಲ್ಲಿ ಮೂರು ಫೇಸ್ ವಿದ್ಯುತ್ ದಿನದ ಕೆಲವೇ ಗಂಟೆ ದೊರೆಯುತ್ತದೆ. ವೇಗದ ಯಂತ್ರಕ್ಕೆ ಮೂರು ಫೇಸ್ ದಿನವಿಡೀ ಬೇಕು. ನಿರಂತರ ಜ್ಯೋತಿ ಯೋಜನೆಯಡಿ ಪ್ರತ್ಯೇಕಗೊಂಡ ಫೀಡರ್ ಪ್ರಸ್ತಾವಿತ ಜಾಗದ ಸಮೀಪದಲ್ಲಿದೆಯೇ ಎಂಬುದನ್ನು ಎಸ್ಕಾಂನ ಶಾಖಾಧಿಕಾರಿಯಿಂದ ಬರಹದಲ್ಲಿ ಪಡೆಯುವುದು ಸೂಕ್ತ. ಬಾಯಿಮಾತಿನ ಭರವಸೆಯ ಮೇಲೆ ಜಾಗ ನೀಡಿದರೆ ಅಲ್ಲಿ ಉಳಿಯುವುದು ಫಲಕ ಮಾತ್ರ.

ಜಾಗದ ವಿಷಯದಲ್ಲಿ ಪಹಣಿಯನ್ನು ನೋಡದೆ ಮುಂದುವರಿಯುವಂತಿಲ್ಲ. ಗೋಮಾಳ ಸರ್ಕಾರಿ ಜಮೀನು, ಪಂಚಾಯಿತಿಯ ಠರಾವಿನಿಂದ ಮಾತ್ರ ಅದನ್ನು ಕೊಡಲಾಗದು. ಕೆರೆಯಂಗಳವಂತೂ ಯೋಚಿಸುವಂತಹುದೇ ಅಲ್ಲ. ರಾಷ್ಟ್ರೀಯ ಹೆದ್ದಾರಿಯಿಂದ ವಾಹನ ಒಳಬರಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇರೆ ಬೇಕಾಗುತ್ತದೆ. ಚಾರ್ಜಿಂಗ್ ಸೇವೆಗೆ ಪರವಾನಗಿ ಬೇಡವೆಂದು 2018ರಲ್ಲಿ ವಿದ್ಯುತ್ ಸಚಿವಾಲಯ ಸ್ಪಷ್ಟಪಡಿಸಿದೆಯೆಂದು ಅರ್ಜಿದಾರರು ಹೇಳುವುದುಂಟು. ಅದು ನಿಜ, ಆದರೆ ಆ ಮಾತು ವಿದ್ಯುತ್ ಅಧಿನಿಯಮದ ಪರವಾನಗಿಗೆ ಮಾತ್ರ ಸಂಬಂಧಿಸಿದ್ದು. ಕಟ್ಟಡಕ್ಕೆ ಪಂಚಾಯಿತಿಯ ಅನುಮತಿ ಪಡೆಯುವ ಹೊಣೆಯಿಂದ ಅದು ಯಾರನ್ನೂ ಬಿಡುಗಡೆಗೊಳಿಸುವುದಿಲ್ಲ.

ಆದಾಯದ ಬಗ್ಗೆ ಅತಿ ನಿರೀಕ್ಷೆ ಬೇಡ. 2022ರ ಮಾರ್ಗಸೂಚಿಯ ಪ್ರಕಾರ ಸಾರ್ವಜನಿಕ ಸಂಸ್ಥೆಯ ಜಾಗವನ್ನು ಮತ್ತೊಂದು ಸಾರ್ವಜನಿಕ ಸಂಸ್ಥೆಗೆ ನೀಡುವಾಗ ಚಾರ್ಜಿಂಗ್‌ಗೆ ಬಳಕೆಯಾದ ಪ್ರತಿ ಯೂನಿಟ್‌ಗೆ 1 ರೂಪಾಯಿ ದರ, ಮೂರು ತಿಂಗಳಿಗೊಮ್ಮೆ ಪಾವತಿ, ಆರಂಭದಲ್ಲಿ 10 ವರ್ಷದ ಅವಧಿ ನಿಗದಿಯಾಗಿತ್ತು. ಖಾಸಗಿಯವರಿಗಾದರೆ ಅದೇ 1 ರೂಪಾಯಿಯನ್ನು ಕನಿಷ್ಠ ದರವಾಗಿಟ್ಟು ಬಿಡ್ ಕರೆಯಬಹುದೆಂದು ಅದು ಹೇಳಿತ್ತು. ದಿನಕ್ಕೆ 18 ಯೂನಿಟ್‌ನಂತೆ ಐದು ಕಾರುಗಳು ಬಂದರೆ ವರ್ಷಕ್ಕೆ 32,850 ರೂಪಾಯಿ. ಎರಡು ದಿನಕ್ಕೊಂದು ಕಾರು ಬಂದರೆ 3,285 ರೂಪಾಯಿ ಮಾತ್ರ. ಹೆದ್ದಾರಿಯ ಅಂಚಿನ ಬೆಲೆಬಾಳುವ ಜಾಗವನ್ನು 10 ವರ್ಷ ಕಟ್ಟಿಹಾಕಲು ಎರಡನೆಯ ಮೊತ್ತ ತೀರಾ ಅಲ್ಪ. ವಾಹನ ಸಂಚಾರ, ಪಕ್ಕದಲ್ಲಿ ಹೋಟೆಲ್, ಶೌಚಾಲಯ, ರಾತ್ರಿ ಬೆಳಕು ಇವುಗಳಿದ್ದ ಕಡೆ ಮಾತ್ರ ಚಾಲಕರು ಅರ್ಧ ಗಂಟೆ ನಿಲ್ಲುತ್ತಾರೆ.

ಹೆದ್ದಾರಿಯಿಂದ ದೂರವಿರುವ ಗ್ರಾಮಗಳಿಗೆ ವೇಗದ ಕೇಂದ್ರ ಬಹುತೇಕ ಅನಗತ್ಯ. ಅಲ್ಲಿರುವ ವಿದ್ಯುತ್ ವಾಹನಗಳು ಹೆಚ್ಚಾಗಿ ಸ್ಕೂಟರ್ ಮತ್ತು ಆಟೋಗಳು. ಸ್ಕೂಟರಿಗೆ ರಾತ್ರಿ ಮನೆಯ ಪ್ಲಗ್ ಸಾಕು, ಕಾರಿನ ವೇಗದ ಗನ್ ಅದಕ್ಕೆ ಹೊಂದುವುದೂ ಇಲ್ಲ. ನೆರೆಯ ಪಂಚಾಯಿತಿಯಲ್ಲಿ ಕೇಂದ್ರವಿದೆಯೆಂಬ ಕಾರಣಕ್ಕೆ ಇಲ್ಲಿಯೂ ಬೇಕೆನ್ನುವುದಕ್ಕಿಂತ, ಸಂತೆ ಮೈದಾನ ಅಥವಾ ಬಸ್ ನಿಲ್ದಾಣದ ಬಳಿ ಸರಿಯಾದ ಅರ್ಥಿಂಗ್ ಇರುವ ಕೆಲವು ನಿಧಾನ ಪಾಯಿಂಟ್‌ಗಳನ್ನು ಹಾಕಿಸುವುದು ಹೆಚ್ಚು ಉಪಯುಕ್ತ.

ಕೇಂದ್ರ ಬೇಕೆಂದು ಸಭೆ ತೀರ್ಮಾನಿಸಿದ ಪಕ್ಷದಲ್ಲಿ ಕರಾರು ಪತ್ರವನ್ನು ಎಚ್ಚರದಿಂದ ಓದಬೇಕು. ಯಂತ್ರ ಕೆಟ್ಟರೆ ಎಷ್ಟು ದಿನದೊಳಗೆ ದುರಸ್ತಿಯಾಗಬೇಕು, ತಪ್ಪಿದರೆ ದಂಡವೆಷ್ಟು, ಯೂನಿಟ್‌ಗಳ ಲೆಕ್ಕವನ್ನು ಪಂಚಾಯಿತಿ ಯಾವ ದಾಖಲೆಯಿಂದ ತಾಳೆ ನೋಡಬೇಕು ಎಂಬುವು ಅದರಲ್ಲಿರಬೇಕು. ಪರಿವರ್ತನೆಯಲ್ಲಿ ಸ್ವಲ್ಪ ವಿದ್ಯುತ್ ನಷ್ಟವಾಗುವುದರಿಂದ ಎಸ್ಕಾಂ ಬಿಲ್ಲಿನ ಯೂನಿಟ್ ಯಂತ್ರದ ಲೆಕ್ಕಕ್ಕಿಂತ ತುಸು ಹೆಚ್ಚಿರುತ್ತದೆ. ವ್ಯತ್ಯಾಸ ದೊಡ್ಡದಾಗಿದ್ದರೆ ವಿವರಣೆ ಕೇಳಬೇಕು. ಅವಧಿ ಮುಗಿದಾಗ ಅಥವಾ ಕೇಂದ್ರ ಬಹುಕಾಲ ಮುಚ್ಚಿದ್ದಾಗ ಯಂತ್ರ, ಕೇಬಲ್, ಅಡಿಪಾಯಗಳನ್ನು ತೆರವುಗೊಳಿಸಿ ಜಾಗವನ್ನು ಮೊದಲಿನ ಸ್ಥಿತಿಯಲ್ಲಿ ಹಿಂದಿರುಗಿಸುವ ವೆಚ್ಚ ನಡೆಸುವವರದೇ ಎಂಬ ಷರತ್ತನ್ನು, ಅದಕ್ಕೆ ಇರಿಸಬೇಕಾದ ಠೇವಣಿಯ ಮೊತ್ತದೊಂದಿಗೆ, ಸಹಿಗೆ ಮುನ್ನವೇ ಸೇರಿಸತಕ್ಕದ್ದು.