ಎಥೆನಾಲ್ ಮತ್ತು ಪೆಟ್ರೋಲ್: ವಾಹನ ಮಾಲೀಕರು ತಿಳಿದಿರಬೇಕಾದ ವಿಷಯಗಳು

ಎರಡು ಇಂಧನಗಳಿಂದ ಓಡುವ ಕಾರು ಮುಂಬಯಿ ನಗರಕ್ಕೆ ಹೊಸತೇನಲ್ಲ. 1995ರಲ್ಲಿ ಮಹಾನಗರ್ ಗ್ಯಾಸ್ ಸಂಸ್ಥೆಯು ಸ್ಥಾಪನೆಯಾದ ತರುವಾಯ ನಗರದ ಟ್ಯಾಕ್ಸಿಗಳು ಕ್ರಮೇಣ ಸಿ.ಎನ್.ಜಿ. ಅನಿಲಕ್ಕೆ ಬದಲಾದವು. ಚಾಲಕನು ಒಂದು ಗುಂಡಿಯನ್ನು ಒತ್ತಿ ಅನಿಲದಿಂದ ಪೆಟ್ರೋಲಿಗೆ, ಪೆಟ್ರೋಲಿನಿಂದ ಅನಿಲಕ್ಕೆ ಬದಲಾಯಿಸುವುದು ಇಲ್ಲಿ ದಿನನಿತ್ಯದ ನೋಟ. ಆದರೆ ಎಥೆನಾಲಿನ ವಿಷಯ ಬೇರೆ. ಅನಿಲಕ್ಕೆ ಪ್ರತ್ಯೇಕ ಸಿಲಿಂಡರ್ ಮತ್ತು ಪ್ರತ್ಯೇಕ ಕೊಳವೆಗಳಿರುತ್ತವೆ. ಎಥೆನಾಲ್ ಮಾತ್ರ ಪೆಟ್ರೋಲಿನೊಡನೆ ಒಂದೇ ಟ್ಯಾಂಕಿನಲ್ಲಿ ಬೆರೆಯುತ್ತದೆ. ಆದ್ದರಿಂದ ಬದಲಾವಣೆಯನ್ನು ಗುಂಡಿಯಲ್ಲ, ಎಂಜಿನ್ನೇ ಗುರುತಿಸಿ ಹೊಂದಿಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಎಥೆನಾಲ್ ಎಂಬುದು ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ಅಕ್ಕಿ ಮುಂತಾದವುಗಳನ್ನು ಹುದುಗಿಸಿ ಬಟ್ಟಿ ಇಳಿಸಿದ ಮದ್ಯಸಾರ. ಇದನ್ನು ಪೆಟ್ರೋಲಿಗೆ ಬೆರೆಸುವ ಪ್ರಾಯೋಗಿಕ ಯೋಜನೆಯು 2001ರಲ್ಲಿ ಮಹಾರಾಷ್ಟ್ರದ ಮೀರಜ್ ಮತ್ತು ಮನಮಾಡ್ ಹಾಗೂ ಉತ್ತರ ಪ್ರದೇಶದ ಬರೇಲಿಯಲ್ಲಿ ಆರಂಭವಾಯಿತು. 2003ರಲ್ಲಿ ಮಹಾರಾಷ್ಟ್ರ, ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಿಗೆ ಶೇಕಡ 5ರ ಮಿಶ್ರಣವನ್ನು ಗೊತ್ತುಪಡಿಸಲಾಯಿತು. 2022ರಲ್ಲಿ ದೇಶವು ಸರಾಸರಿ ಶೇಕಡ 10ರ ಗುರಿಯನ್ನು ತಲುಪಿತು. ಶೇಕಡ 20ರ ಮಿಶ್ರಣ, ಅಂದರೆ ಇ-20 ಪೆಟ್ರೋಲಿನ ಮಾರಾಟವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟಿಸಲಾಯಿತು. 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ಸೇರಿದಂತೆ ಐದು ಕಡೆಗಳ 183 ಆಯ್ದ ಬಂಕುಗಳಲ್ಲಿ ಇ-100 ಎಂಬ ಎಥೆನಾಲ್ ಇಂಧನವನ್ನು ಬಿಡುಗಡೆ ಮಾಡಲಾಯಿತು.

ಎಂಜಿನ್ನಿನಲ್ಲಿ ಆಗುವುದೇನು?

ಒಂದು ಕಿಲೋಗ್ರಾಂ ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಕಿಲೋಗ್ರಾಂ ಸಾಕು, ಏಕೆಂದರೆ ಅದರ ಅಣುವಿನಲ್ಲಿಯೇ ಆಮ್ಲಜನಕವಿದೆ. ಎಂಜಿನ್ ಸೆಳೆದುಕೊಳ್ಳುವ ಗಾಳಿಯ ಪ್ರಮಾಣ ಬದಲಾಗದ ಕಾರಣ ಶುದ್ಧ ಎಥೆನಾಲಿನಿಂದ ಓಡಿಸುವಾಗ ತೂಕದಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ಇಂಧನವನ್ನು ಒಳಬಿಡಬೇಕು.

ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಪೆಟ್ರೋಲಿಗೆ ಹೊಂದಿಸಿದ ಎಂಜಿನ್ನಿಗೆ ಎಥೆನಾಲನ್ನೇ ಹಾಕಿದರೆ ಮಿಶ್ರಣವು ತೆಳುವಾಗುತ್ತದೆ. ಕಾರು ತಡವರಿಸುತ್ತದೆ, ಎಂಜಿನ್ ಬಿಸಿಯೇರುತ್ತದೆ. ಎಥೆನಾಲಿಗೆ ಹೊಂದಿಸಿದ ಎಂಜಿನ್ನಿಗೆ ಪೆಟ್ರೋಲ್ ಹಾಕಿದರೆ ಮಿಶ್ರಣವು ದಟ್ಟವಾಗುತ್ತದೆ. ಕಪ್ಪು ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ಗಿನಲ್ಲಿ ಮಸಿ ಕಟ್ಟುತ್ತದೆ. ಇದಲ್ಲದೆ, ಎಥೆನಾಲಿನ ಆಕ್ಟೇನ್ ಮೌಲ್ಯ ಹೆಚ್ಚಿರುವುದರಿಂದ ಕೆಲವರು ಕಿಡಿಯ ಸಮಯವನ್ನು ಮುಂದೂಡದೆ ಮೊದಲೇ ಹಾರುವಂತೆ ಮಾಡಿಸಿಕೊಳ್ಳುತ್ತಾರೆ. ಅಂಥ ಕಾರಿಗೆ ಸಾಮಾನ್ಯ ಪೆಟ್ರೋಲ್ ಬಿದ್ದರೆ ಎಂಜಿನ್ನಿನಲ್ಲಿ ಬಡಿತ ಉಂಟಾಗಿ ಪಿಸ್ಟನ್ನಿಗೆ ಹಾನಿಯಾಗಬಹುದು.

ಹಳೆಯ ಪ್ರೀಮಿಯರ್ ಪದ್ಮಿನಿಯಂತಹ ಕಾರ್ಬುರೇಟರ್ ವಾಹನಗಳಲ್ಲಿ ಇಂಧನದ ರಂಧ್ರದ ಅಳತೆ ಸ್ಥಿರವಾದುದು. ಇಂಧನ ಬದಲಾದರೆ ಜೆಟ್ಟನ್ನೂ ಬದಲಾಯಿಸಬೇಕು. ಇಂದಿನ ಕಾರುಗಳಲ್ಲಿ ಹೊಗೆಕೊಳವೆಯ ಆಮ್ಲಜನಕ ಸಂವೇದಕವು ಮಿಶ್ರಣವನ್ನು ಅಳೆದು ತಿಳಿಸುತ್ತದೆ, ಗಣಕವು ಇಂಧನವನ್ನು ತಿದ್ದಿಕೊಳ್ಳುತ್ತದೆ. ಆದರೆ ಈ ತಿದ್ದುಪಡಿಗೆ ಮಿತಿಯುಂಟು. ಸಾಮಾನ್ಯ ಕಾರಿಗೆ ಇ-100 ಹಾಕಿದರೆ ಆ ಮಿತಿ ಮೀರುತ್ತದೆ.

ಫ್ಲೆಕ್ಸ್ ಇಂಧನ ವಾಹನ

ಯಾವುದೇ ಪ್ರಮಾಣದ ಮಿಶ್ರಣಕ್ಕೂ ಹೊಂದಿಕೊಳ್ಳುವಂತೆ ತಯಾರಿಸಿದ ವಾಹನವೇ ಫ್ಲೆಕ್ಸ್ ಇಂಧನ ವಾಹನ. ಬ್ರೆಜಿಲ್ ದೇಶದಲ್ಲಿ ಇಂತಹ ಕಾರುಗಳು 2003ರಿಂದ ಮಾರಾಟದಲ್ಲಿವೆ. ಇವುಗಳಲ್ಲಿ ದೊಡ್ಡ ಇಂಜೆಕ್ಟರುಗಳು, ಎಥೆನಾಲನ್ನು ತಾಳಿಕೊಳ್ಳುವ ಕೊಳವೆ ಮತ್ತು ಪಂಪು, ಮಿಶ್ರಣದ ಪ್ರಮಾಣವನ್ನು ಗುರುತಿಸುವ ವ್ಯವಸ್ಥೆ ಇರುತ್ತವೆ. ಉದಾಹರಣೆಗೆ, 40 ಲೀಟರಿನ ಟ್ಯಾಂಕಿನಲ್ಲಿ 20 ಲೀಟರ್ ಇ-20 ಇರುವಾಗ ಶೇಕಡ 85 ಎಥೆನಾಲ್ ಇರುವ ಇಂಧನವನ್ನು 20 ಲೀಟರ್ ತುಂಬಿಸಿದರೆ, ಒಟ್ಟು ಎಥೆನಾಲ್ 21 ಲೀಟರ್ ಆಗುತ್ತದೆ. ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಈ ಹೊಸ ಪ್ರಮಾಣವನ್ನು ಗಣಕವು ಗ್ರಹಿಸಲು ಕಾರು ಕೆಲವು ಕಿಲೋಮೀಟರ್ ಓಡಬೇಕಾಗಬಹುದು. ಇಂಧನ ಬದಲಾಯಿಸಿದ ಕೂಡಲೇ ಕಾರನ್ನು ನಿಲ್ಲಿಸಿಬಿಟ್ಟರೆ ಮರುದಿನ ಬೆಳಿಗ್ಗೆ ಚಾಲನೆ ಕಷ್ಟವಾಗಬಹುದು.

ಮೈಲೇಜು ಮತ್ತು ಖರ್ಚು

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥೆನಾಲಿನಲ್ಲಿ ಸುಮಾರು 21 ಮಾತ್ರ. ಆದ್ದರಿಂದ ಮೈಲೇಜು ಇಳಿಯುತ್ತದೆ ಎಂಬ ವಾಹನ ಮಾಲೀಕರ ದೂರಿನಲ್ಲಿ ನಿಜಾಂಶವಿದೆ. ಶುದ್ಧ ಪೆಟ್ರೋಲಿಗಾಗಿ ರಚಿಸಿ ಇ-10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ-20ರಿಂದ ಶೇಕಡ 6ರಿಂದ 7ರಷ್ಟು ಇಳಿಕೆಯಾಗಬಹುದೆಂದು 2021ರ ನೀತಿ ಆಯೋಗದ ವರದಿಯು ಅಂದಾಜು ಮಾಡಿತ್ತು. ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದ ಕಾರು ಸುಮಾರು 14 ಕಿಲೋಮೀಟರ್ ಓಡೀತು. ಇ-10ಕ್ಕಾಗಿ ರಚಿಸಿ ಇ-20ಕ್ಕೆ ಹೊಂದಿಸಿದ ಕಾರುಗಳಲ್ಲಿ ಈ ಇಳಿಕೆ ಶೇಕಡ 1ರಿಂದ 2 ಮಾತ್ರ. ಇ-100 ಬಳಸುವವರು ಬಂಕಿನ ದರವನ್ನಷ್ಟೇ ನೋಡದೆ ಕಿಲೋಮೀಟರಿಗೆ ತಗಲುವ ವೆಚ್ಚವನ್ನು ಲೆಕ್ಕಹಾಕುವುದು ಸೂಕ್ತ.

ಮುಂಬಯಿಯ ಮಳೆಗಾಲ

ಎಥೆನಾಲ್ ನೀರನ್ನು ಸೆಳೆದುಕೊಳ್ಳುವ ಗುಣವುಳ್ಳದ್ದು. ಟ್ಯಾಂಕಿಗೆ ನೀರು ಸೇರಿ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪು ಮೊದಲು ಸೆಳೆಯುವುದು ಆ ಪದರವನ್ನೇ. ಸಯಾನ್, ಕುರ್ಲಾ ಮುಂತಾದ ತಗ್ಗು ಪ್ರದೇಶಗಳಲ್ಲಿ ನೆರೆನೀರಿನಲ್ಲಿ ನಿಂತ ಕಾರುಗಳಿಗೆ ಈ ಅಪಾಯ ಹೆಚ್ಚು. ಎಥೆನಾಲಿನಿಂದ ಚಳಿಯಲ್ಲಿ ಎಂಜಿನ್ ಚಾಲನೆ ಕಷ್ಟವಾಗುವ ತೊಂದರೆಯು ಮುಂಬಯಿಯ ಹವೆಯಲ್ಲಿ ಅಷ್ಟಾಗಿ ಬಾಧಿಸದು.

ಗಮನಿಸಬೇಕಾದ ಅಂಶಗಳು

1. ಯಾವ ಮಿಶ್ರಣದವರೆಗೆ ಬಳಸಬಹುದೆಂಬುದನ್ನು ಕೈಪಿಡಿಯಲ್ಲಿ ಅಥವಾ ಇಂಧನದ ಮುಚ್ಚಳದ ಬಳಿಯ ಚೀಟಿಯಲ್ಲಿ ನೋಡಿಕೊಳ್ಳತಕ್ಕದ್ದು.

2. ಫ್ಲೆಕ್ಸ್ ಇಂಧನ ವಾಹನವಲ್ಲದಿದ್ದರೆ ಇ-100 ಹಾಕಿಸಬಾರದು. ತಪ್ಪಾಗಿ ಹಾಕಿಸಿದಲ್ಲಿ ಎಂಜಿನ್ ಚಾಲೂ ಮಾಡದೆ ಟ್ಯಾಂಕನ್ನು ಬರಿದು ಮಾಡಿಸಬೇಕು.

3. 2023ಕ್ಕಿಂತ ಹಿಂದಿನ ವಾಹನಗಳಲ್ಲಿ ರಬ್ಬರ್ ಕೊಳವೆ ಮತ್ತು ಸೀಲುಗಳನ್ನು ಸರ್ವೀಸಿನ ವೇಳೆ ಪರೀಕ್ಷಿಸಿ ಅಗತ್ಯವಿದ್ದರೆ ಬದಲಾಯಿಸಬೇಕು.

4. ಮಳೆಗಾಲದಲ್ಲಿ ಬಹುದಿನ ನಿಲ್ಲಿಸುವ ಕಾರಿನ ಮುಚ್ಚಳವನ್ನು ಭದ್ರವಾಗಿ ಹಾಕಿ, ಟ್ಯಾಂಕನ್ನು ಬಹುತೇಕ ತುಂಬಿಸಿಡುವುದು ಒಳಿತು.

5. ಎಥೆನಾಲಿಗಾಗಿ ಎಂಜಿನ್ನಿನ ಹೊಂದಾಣಿಕೆಯನ್ನು ಹೊರಗೆ ಬದಲಾಯಿಸಿಕೊಂಡವರು ದೂರ ಪ್ರಯಾಣಕ್ಕೆ ಮುನ್ನ ಅದನ್ನು ಮೂಲಸ್ಥಿತಿಗೆ ತರಿಸತಕ್ಕದ್ದು. ಬೇಸಿಗೆ ರಜೆಯಲ್ಲಿ ಮುಂಬಯಿಯಿಂದ ಉಡುಪಿ, ಮಂಗಳೂರುಗಳಿಗೆ ಹೊರಡುವ ಕುಟುಂಬಗಳಿಗೆ ದಾರಿಯ ಎಲ್ಲ ಬಂಕುಗಳಲ್ಲೂ ಇ-100 ದೊರೆಯದು.

ಕಬ್ಬು ಬೆಳೆಯುವ ರೈತನಿಗೆ ಮಾರುಕಟ್ಟೆ, ದೇಶಕ್ಕೆ ವಿದೇಶಿ ವಿನಿಮಯದ ಉಳಿತಾಯ ಎಥೆನಾಲಿನಿಂದ ದೊರಕುವ ಪ್ರಯೋಜನಗಳು. ತನ್ನ ವಾಹನಕ್ಕೆ ತಕ್ಕ ಇಂಧನ ಯಾವುದೆಂದು ಅರಿತು ಬಳಸಿದಾಗ ಮಾತ್ರ ಆ ಪ್ರಯೋಜನವು ವಾಹನ ಮಾಲೀಕನಿಗೆ ನಷ್ಟವಾಗದೆ ಎಲ್ಲರಿಗೂ ಸಲ್ಲುತ್ತದೆ.