ಈ ಚಳಿಗಾಲಕ್ಕೆ ಎರಡು ಪುಸ್ತಕಗಳು



ಚಳಿಗಾಲ ಬಂತೆಂದರೆ ನಮ್ಮ ಕೋಲ್ಕತ್ತದಲ್ಲಿ ನೊಲೆನ್ ಗುಡದ ಸಂದೇಶದ ಜೊತೆಗೆ ಬೊಯಿಮೇಳದ ಮಾತೂ ಶುರುವಾಗುತ್ತದೆ. 1976ರಲ್ಲಿ ಆರಂಭವಾದ ಈ ಪುಸ್ತಕ ಮೇಳದಿಂದ ನೀವು ಚೀಲ ತುಂಬ ಇಂಗ್ಲಿಷ್, ಬಂಗಾಳಿ ಪುಸ್ತಕ ತರುತ್ತೀರಿ. ಸಂತೋಷ. ಈ ಸಲ ನಿಮ್ಮ ಪಟ್ಟಿಗೆ ನನ್ನವೂ ಎರಡು ಸೇರಲಿ.

ಮೊದಲನೆಯದು ಹಾಸನದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಈ ಹನ್ನೆರಡು ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸಲ. ಕಥಾಸಂಕಲನವೊಂದಕ್ಕೂ ಮೊದಲ ಸಲ. ಅನುವಾದಕಿ ಅನೇಕ ಕನ್ನಡ, ಉರ್ದು ಮಾತುಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿದ್ದಾರೆ. ಅಲ್ಲಲ್ಲಿ ನಮ್ಮ ಮನೆಯ ಮಾತೇ ಕಿವಿಗೆ ಬಿದ್ದಂತಾಗುತ್ತದೆ.

ಎರಡನೆಯದು ವಿವೇಕ ಶಾನಭಾಗರ ಕಾದಂಬರಿ 'ಸಕೀನಾಳ ಮುತ್ತು'. ಬೆಂಗಳೂರಿನ ತಂದೆತಾಯಿ, ಕಾಲೇಜಿಗೆ ಹೋಗುವ ಮಗಳು; ನಡುವೆ ಮನಸ್ಸಿಗೆ ಎಟುಕದ ದೂರ. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ 2023ರಲ್ಲಿ ಬಂದಿದೆ. ಆದರೆ ಇದನ್ನು ಕನ್ನಡದಲ್ಲೇ ಓದಲು ಪ್ರಯತ್ನಿಸಿ ಎಂಬುದು ನನ್ನ ಆಸೆ.

"ಮಾತು ಬರುತ್ತೆ ಆಂಟಿ, ಓದಲು ಬರಲ್ಲ" ಎನ್ನುತ್ತೀರಿ. ತಪ್ಪು ನಿಮ್ಮದಲ್ಲ. ಶಾಲೆಗೆ ಬೇಕೆಂದು ಮಗಳಿಗೆ ಬಂಗಾಳಿ ಅಕ್ಷರ ತಿದ್ದಿಸಿದೆ; ಕನ್ನಡವನ್ನು 'ರಜೆ ಬರಲಿ' ಎಂದು ಮುಂದೂಡಿದೆ. ಅಜ್ಜಿ ಅವಳಿಗೇ ಬರೆದ ಕಾಗದಗಳನ್ನು ಇಂದಿಗೂ ನಾನೇ ಓದಿ ಹೇಳಬೇಕು.

ನೂರು ವರ್ಷಕ್ಕೂ ಹಿಂದೆ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಬಂಗಾಳಿ ಓದಬಲ್ಲ ನಿಮಗೆ ಕನ್ನಡ ಅಕ್ಷರ ಕಷ್ಟವೇ? ಭಾನುವಾರ ಮನೆಗೆ ಬನ್ನಿ. ಫಿಲ್ಟರ್ ಕಾಫಿ ನನ್ನದು, ಮೊದಲ ಪುಟ ನಿಮ್ಮದು.